ಕೆಂಪು ದಿಬ್ಬದ ಆಚೆ

ಜೋಡಿಬಾವಿ ಕ್ಯಾಂಪ್
ಆಗಸ್ಟ್ 9

ಪ್ರೀತಿಯ ಮಗಳು ಷರೀನ್‌ಗೆ,

ಹೇಗಿದ್ದೀಯ? ಹಲ್ಲುನೋವು ಹೋಯಿತೋ, ಇಲ್ಲ ಆಲಿಸ್ ಸ್ಪ್ರಿಂಗ್ಸ್‌ನ ಆಸ್ಪತ್ರೆಯಲ್ಲಿ ಕೆನ್ನೆ ಹಿಡಿದುಕೊಂಡೇ ಊರವರ ಹಾಸಿಗೆ ಸರಿಮಾಡುತ್ತಿದ್ದೀಯೋ? ನನ್ನ ಮಂಡಿಯ ಸುದ್ದಿ ಕೇಳಬೇಡ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಿಷನ್ ಶಾಲೆಯ ಮೂರನೇ ಕ್ಲಾಸಿನಿಂದಲೇ ಓಡಿಬಂದ ನಿನ್ನ ದೊಡ್ಡಮ್ಮನ ಅಕ್ಷರ ಇದು. ಓದಲು ಕಷ್ಟವಾದರೆ ಕಷ್ಟಪಡು.

ನಿಮ್ಮಮ್ಮ ತೀರಿಕೊಂಡಾಗ ಕೆಂಪು ದಿಬ್ಬದ ಆಚೆಯ ನೆಲವನ್ನು ಮುಚ್ಚಿದೆವಲ್ಲ, ಅದು ಇನ್ನೂ ಹಾಗೇ ಇದೆ. ಅವಳು ದಿನಾ ನಡೆದಾಡಿದ ಜಾಗ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬಂದು, ಹಸಿ ಸೊಪ್ಪಿನ ಹೊಗೆ ಹಾಕಿ, ಕೊಂಬೆಯಿಂದ ಅವಳ ಹೆಜ್ಜೆ ಗುಡಿಸುವವರೆಗೆ ಯಾರೂ ಕಾಲಿಡುವಂತಿಲ್ಲ, ನಾನೂ ಕೂಡ. ನಿನಗೆ ಗೊತ್ತಿಲ್ಲದ್ದೇನಲ್ಲ. ಎರಡು ಬೇಸಿಗೆ ಕಳೆದವು. ಮುಳ್ಳುಹುಲ್ಲು ಸೊಂಟದವರೆಗೆ ಬೆಳೆದು ಹೆಣೆದುಕೊಂಡಿದೆ. ಅದರಡಿಯ ಬಿಲಗಳಲ್ಲಿ ಚಕುರಗಳು, ನಮ್ಮ ದೊಡ್ಡ ಕೆಂಪು ಹಾವುರಾಣಿಗಳು, ತಾಯಿ ಮಕ್ಕಳೆಲ್ಲ ಒಟ್ಟಿಗೆ ಚಳಿಗಾಲದ ನಿದ್ದೆಯಲ್ಲಿವೆ. ಅವನ್ನು ನೋಡಿ ನಿಮ್ಮಮ್ಮ ನಗುತ್ತಿದ್ದುದು ನೆನಪಿದೆಯೇ? "ನೋಡೇ ಅಕ್ಕಾ, ಇಡೀ ಸಂಸಾರಕ್ಕೆ ಒಂದೇ ಕಕ್ಕಸು, ಆದ್ರೂ ಜಗಳ ಇಲ್ಲ. ನಮ್ಮನೇಲಿ ಎರಡಿದ್ರೂ ಬಾಗ್ಲು ಬಡೀತಾರೆ!" ಈ ಚಳಿ ಮುಗಿಯುವುದರೊಳಗೆ ಅಲ್ಲಲ್ಲಿ ಸಣ್ಣ ಬೆಂಕಿ ಹಾಕಿ ಹುಲ್ಲು ತೆಳುಮಾಡಬೇಕು. ಬಿಟ್ಟರೆ ಬೇಸಿಗೆಯ ಸಿಡಿಲಿಗೆ ಇಡೀ ನೆಲ ಒಂದೇ ಸಲ ಹೊತ್ತಿಕೊಳ್ಳುತ್ತದೆ. ಹುಲ್ಲಿನ ಮರೆ ಹೋದ ಬಿಲದ ಬಾಯಲ್ಲಿ ಕಾಡುಬೆಕ್ಕು ಕಾದು ಕೂರುತ್ತದೆ. ಅಲ್ಲಿಗೆ ಮುಗಿಯಿತು ಸಂಸಾರ.

ನ್ಯಾಷನಲ್ ಪಾರ್ಕಿನ ಸಾಹೇಬ ಕ್ರೇಗ್ ಬಂದಿದ್ದ. ಒಳ್ಳೆಯವನೇ, ಅವಸರದವನು. ಹೆಲಿಕಾಪ್ಟರಿನಿಂದ ಬೆಂಕಿ ಉದುರಿಸೋಣ, ಆಗ ಯಾರೂ ಕಾಲಿಡಬೇಕಿಲ್ಲವಲ್ಲ ಎಂದ. "ನಿನ್ನ ಸ್ವಂತ ಅಮ್ಮನ ಸಮಾಧಿ ಮೇಲೂ ಹೆಲಿಕಾಪ್ಟರ್ ಹಾರಿಸಿ ಬೆಂಕಿ ಹಾಕ್ತೀಯೇನೋ? ಬಾಯಿ ಮುಚ್ಕೊಂಡು ಚಹಾ ಕುಡಿ" ಎಂದೆ. ಕುಡಿದ. ಹೋಗುವಾಗ, "ತಿಂಗಳ ಕೊನೆವರೆಗೂ ಕಾಯ್ತೀನಿ ಅಜ್ಜಿ, ಆಮೇಲೆ ನನ್ನ ಕೈಲಿಲ್ಲ" ಎಂದ.

ನಿನಗೆ ಯಾವುದರ ಭಯವೆಂದು ನನಗೆ ಗೊತ್ತು. ಇಲ್ಲಿಗೆ ಬಂದರೆ ಅಮ್ಮ ಇಲ್ಲವೆನ್ನುವುದು ನಿಜವಾಗಿಬಿಡುತ್ತದೆ. ಆಗಲೇ ನಿಜವಾಗಿದೆ ಕಣೇ, ಕತ್ತೆ. ಸಂಜೆ ದಿಬ್ಬದ ಈಚೆ ಒಬ್ಬಳೇ ಕೂತು ಬೂದಿಯಲ್ಲಿ ಸುಟ್ಟ ರೊಟ್ಟಿ ಮುರಿಯುತ್ತೇನೆ. ಅರ್ಧವನ್ನು ಈಗಲೂ ಪಕ್ಕಕ್ಕಿಡುತ್ತೇನೆ. ನಾಯಿ ತಿನ್ನುತ್ತದೆ. ನಾಯಿ ದಪ್ಪಗಾಗಿದೆ.

ಮುಂದಿನ ಟಪಾಲು ವಿಮಾನದಲ್ಲಿ ಬಾ. ದಪ್ಪ ಕೋಟು ತಾ, ಚಳಿ ಮೂಳೆ ಕಡಿಯುತ್ತಿದೆ. ಹಿರಿಯರ ನೆಲ ನಿನ್ನ ದನಿಯ ಗುರುತು ಮರೆಯದಿರಲಿ.

ಇಂತಿ ನಿನ್ನ ದೊಡ್ಡಮ್ಮ,
ಡಲ್ಸಿ

ತಡಿ, ಇನ್ನೊಂದು. ಪೈಲಟ್ ಎಂಜಿನ್ ಶುರುಮಾಡಿ ಕೈ ಬೀಸುತ್ತಿದ್ದಾನೆ. ಹಾವುರಾಣಿಗಳಿಗಾಗಿ ಬಾ ಎಂದು ಬರೆದೆ, ಅದು ಅರ್ಧ ಮಾತು. ನೆಲ ತೆರೆದ ದಿನ ಅವಳ ಹೆಸರೂ ತೆರೆಯುತ್ತದೆ. ಅಲ್ಲಿಯವರೆಗೆ ಅದನ್ನು ಯಾರೂ ಬಾಯಲ್ಲಿ ಹೇಳುವಂತಿಲ್ಲ. ಅಂಗಡಿಯಲ್ಲಿರುವ ಅದೇ ಹೆಸರಿನ ಹುಡುಗಿಯನ್ನೂ ಈಗ ಎಲ್ಲರೂ ಕುನ್ಮನಾರ, ಹೆಸರಿಲ್ಲದವಳು, ಎಂದೇ ಕರೆಯುತ್ತಾರೆ. ನಿಮ್ಮಮ್ಮ ಹುಟ್ಟಿದಾಗಿನಿಂದ ನಾನು ಕೂಗಿ ಬೈದ ಹೆಸರು ಅದು. ಬಾಯಿಗೆ ಬಂದದ್ದನ್ನು ನುಂಗಿ ನುಂಗಿ ಸಾಕಾಗಿದೆ ಷರೀನ್. ನಾನು ಸಾಯುವುದರೊಳಗೆ ಒಂದು ಸಲ ನನ್ನ ತಂಗಿಯನ್ನು ಹೆಸರು ಹಿಡಿದು ಕರೆಯಬೇಕು.