ಬಂಡೆಯ ಕೆಳಗೆ ಎರಡು ಜೊತೆ ಶೂ

ಭವ್ಯಾ,

ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ನೇರವಾಗಿ ಕೇಳುತ್ತೇನೆ: ನಿನ್ನ ಜೊತೆ ಯಾರು ಬಂದಿದ್ದರು?

ಈಗಷ್ಟೇ ಹಾಸ್ಟೆಲ್ ಮೆಸ್ಸಿನಲ್ಲಿ ನಿನ್ನ ಟ್ರಾವೆಲ್ ಪೇಜ್ ನೋಡಿದೆ. ಇತ್ತಲಾರ್ ಊರಿನ ಮೇಲಿನ ದೇವರ ಬೆಟ್ಟ, ಸ್ಕೂಲ್ ಮುಗಿದ ಮೇಲೆ ನಾವಿಬ್ಬರೂ ಹತ್ತಬೇಕೆಂದಿದ್ದದ್ದು. ಮಂಜೆಲ್ಲ ಕೆಳಗೆ, ಬಂಡೆಯ ತುದಿಯಲ್ಲಿ ನೀನು. ಫೋಟೋ ಸೂಪರ್, ಒಪ್ಪುತ್ತೇನೆ. 'ನನ್ನ ಮೊದಲ ಸೋಲೋ ಟ್ರೆಕ್, ಟೈಮರ್ ಇಟ್ಟು ತೆಗೆದದ್ದು' ಎಂದು ಬರೆದಿದ್ದೀಯ. ಆದರೆ ಅದು ದೇವರ ಬಂಡೆ, ಬರಿಗಾಲಲ್ಲೇ ಹತ್ತಬೇಕಲ್ಲ? ಕೆಳಗೆ ಬಿಟ್ಟ ಶೂ ಎರಡು ಜೊತೆ ಇವೆ.

ತಮಿಳು ರೂಮ್‌ಮೇಟ್ ತೇನ್ಮೊಳಿಗೆ ತೋರಿಸಿದೆ. "ಸೋಲೋ ಅಂತೆ! ಅವಳಿಗೇನು ನಾಲ್ಕು ಕಾಲಾ ಡೀ?" ಎಂದು ನಕ್ಕಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

ಝೂಮ್ ಮಾಡಿದೆ. ಎರಡನೆಯ ಜೊತೆ ನೀಲಿ ಕ್ಯಾನ್ವಾಸ್, ಒಂದಕ್ಕೆ ಮಾತ್ರ ಹಳದಿ ಲೇಸ್. ನನ್ನದೇ. ನಾವಿಬ್ಬರೂ ಜಗಳವಾಡಿದ ದಿನ ನಿಮ್ಮ ಮನೆ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಬಸ್ ಹತ್ತಿದ್ದೆನಲ್ಲ, ಅದೇ.

"ಹಾಗಾದ್ರೆ ನಿನ್ನನ್ನೇ ಕರ್ಕೊಂಡು ಹೋಗಿದ್ದಾಳೆ, ಬಿಡು" ಎಂದಳು ತೇನ್ಮೊಳಿ, ಶೂ ನನ್ನದೆಂದು ಹೇಳಿದಾಗ.

ಇರಬಹುದು. ಲೇಸ್ ನಾನು ಕಟ್ಟಿದ ಹಾಗೇ ಇದ್ದರೆ ಖಾಲಿ ಶೂಗಳನ್ನು ನೀನೇ ಹೊತ್ತೊಯ್ದಿದ್ದೀಯ. ಬಿಚ್ಚಿದ್ದರೆ ಯಾರೋ ನನ್ನ ಶೂ ಹಾಕಿಕೊಂಡು ನಿನ್ನ ಜೊತೆ ಹತ್ತಿದ್ದಾರೆ. ಎಷ್ಟು ಝೂಮ್ ಮಾಡಿದರೂ ಗಂಟು ಕಾಣುತ್ತಿಲ್ಲ.