ಗ್ಯಾರಂಟಿ ಕಾರ್ಡಿಗೊಂದು ಹೆಸರು

4 ಜೂನ್ 1984, ಸೋಮವಾರ

ಬೆಳಿಗ್ಗೆ ಗದ್ದೆ ಹೂಡೋ ಪವರ್ ಟಿಲ್ಲರ್‌ಗೆ ಆಯಿಲ್ ಹಾಕಿದೆ. ಏರ್ ಫಿಲ್ಟರ್ ಬಿಚ್ಚಿ ತೊಳೆದೆ. ಸೀರೆಗೆಲ್ಲ ಡೀಸೆಲ್ ವಾಸನೆ. ಇವರು ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋದ್ರು, ಇನ್ನು ಶನಿವಾರವೇ ಬರೋದು. ಗುಮಾಸ್ತರ ಕೆಲಸ ಅಲ್ಲಿ, ಗದ್ದೆ ಇಲ್ಲಿ ಆನಂದಪುರದಲ್ಲಿ, ಮಧ್ಯೆ ನಾನು.

ಮಧ್ಯಾಹ್ನ ಸಾಗರದಿಂದ ಏಜೆಂಟ್ ಕನ್ನಪ್ಪ ಬಂದಿದ್ದ. ಟಿಲ್ಲರ್ ಕೊಡಿಸಿದ್ದು ಅವನೇ. ಗ್ಯಾರಂಟಿ ಈ ತಿಂಗಳ ಕೊನೆಗೆ ಮುಗಿಯುತ್ತೆ. ಒಂಬೈನೂರು ಕಟ್ಟಿದ್ರೆ ಇನ್ನೂ ಎರಡು ವರ್ಷ ಮುಂದುವರಿಸ್ತಾರಂತೆ, ಹೊಸ ಸ್ಕೀಮು. ಏನು ಮುರಿದ್ರೂ ಫ್ರೀ. ಮಿಕ್ಕಿದ್ದು ಏನು ಕೇಳಿದ್ರೂ 'ಗೌಡ್ರು ಬಂದಾಗ ಮಾತಾಡ್ತೀನಿ' ಅಂತಾನೆ. ಎದುರಿಗೆ ನಿಂತಿರೋಳನ್ನ ಕಂಬ ಅಂದ್ಕೊಂಡನೋ ಏನೋ.

5 ಜೂನ್

ಕಟ್ಟೋದೇ ಸರಿ ಅನ್ಸುತ್ತೆ. ಹೋದ ವರ್ಷ ಗದ್ದೆ ನಡುವೆ ಗೇರ್ ಮುರೀತಲ್ಲ... ಗ್ಯಾರಂಟಿ ಇಲ್ದೇ ಇದ್ದಿದ್ರೆ ಏನು ಗತಿ. ಎತ್ತು ಮಾರಿ ಆಯ್ತು. ಕೊಟ್ಟಿಗೇಲಿ ಈಗ ಉಳಿದಿರೋದು ಇದೊಂದೇ.

9 ಜೂನ್, ಶನಿವಾರ

ಇವರು ಬಂದ್ರು. ಊಟ ಬಡಿಸ್ತಾ ಹೇಳ್ದೆ. ಒಂದೇ ಮಾತಿಗೆ 'ಕಟ್ಟೋಣ' ಅಂದ್ರು. ವಾದ ಮಾಡೋಕೆ ಏನೇನೋ ಜೋಡಿಸಿಟ್ಕೊಂಡಿದ್ದೆ, ಎಲ್ಲ ಹಾಗೇ ಉಳೀತು.

10 ಜೂನ್, ಭಾನುವಾರ

ಕನ್ನಪ್ಪ ಮತ್ತೆ ಬಂದ. ಗಂಡಸು ಮನೇಲಿದ್ದಾರಲ್ಲ, ಇವತ್ತು ಬಾಯಿ ಬಿಟ್ಟ. ಕಾರ್ಡಿನಲ್ಲಿ ಆಪರೇಟರ್ ಅಂತ ಒಬ್ಬರ ಹೆಸರು ಬರೀಬೇಕು. ಅವರೊಬ್ಬರೇ ಹೊಡೀಬೇಕು. ಬೇರೆಯವರು ಹೊಡೆದಾಗ ಮುರಿದ್ರೆ ಕಂಪನಿ ಜವಾಬ್ದಾರಿ ಅಲ್ಲ.

'ಬರ್ಕೊಳ್ಳಿ, ಮೂಕಾಂಬಿಕಾ' ಅಂದೆ.

ಕನ್ನಪ್ಪ ಇವರ ಮುಖ ನೋಡ್ದ. ಇವರು ಅಂಗಳ ನೋಡಿದ್ರು.

'ಹೆಂಗಸರ ಹೆಸರು ಇಲ್ಲೀವರೆಗೆ ಯಾರೂ ಕೊಟ್ಟಿಲ್ಲಮ್ಮ. ಸಾಗರದ ಆಫೀಸಲ್ಲಿ ನಗ್ತಾರೆ.'

'ನಗಲಿ. ನಗೋದಕ್ಕೇನು ಡೀಸೆಲ್ ಖರ್ಚಾಗುತ್ತಾ?'

'ನನ್ನ ಹೆಸರೇ ಬರೀರಿ' ಅಂದ್ರು ಇವರು. ವರ್ಷಕ್ಕೊಂದು ಸಲ ಟಿಲ್ಲರ್ ಧೂಳು ಒರೆಸಿದ್ರೆ ಹೆಚ್ಚು. ಇವರು ಆಪರೇಟರ್ರು!

ಮೂವತ್ತನೇ ತಾರೀಕು ಬರ್ತಾನಂತೆ ಕನ್ನಪ್ಪ. ಆಪರೇಟರ್ ಅವನೆದುರಿಗೆ ಸ್ಟಾರ್ಟ್ ಮಾಡಿ ಒಂದು ಸುತ್ತು ಹೊಡೆದು ತೋರಿಸಬೇಕು. ಆಮೇಲೆ ದುಡ್ಡು, ಸಹಿ.

12 ಜೂನ್

ಎರಡು ದಿನ ಆದ್ರೂ ಸಿಟ್ಟು ಇಳಿದಿಲ್ಲ. ಟಿಲ್ಲರ್ ತಂದಾಗ ಕಲಿಸೋಕೆ ಕಂಪನಿಯವರು ಬಂದಿದ್ರು. ಇವರು ಒಂದಿನ ನಿಂತು ನೋಡಿ, ರಜೆ ಇಲ್ಲ ಅಂತ ಬಸ್ ಹತ್ತಿದ್ರು. ಕಲಿತವಳು ನಾನು. ಬೊಬ್ಬೆ ಬಂದಿದ್ದು ನನ್ನ ಕೈಗೆ.

ಬರೆದೇ ಬಿಡ್ತೀನಿ, ಯಾರು ಓದ್ತಾರೆ — ಕೆಸರಲ್ಲಿ ಅದರ ಹಿಂದೆ ನಡೆಯುವಾಗ ನಂಗೆ ಸಂತೋಷ ಆಗುತ್ತೆ. ಮದುವೆ ಆಗಿ ಬಂದ್ಮೇಲೆ ಇಷ್ಟು ಸಂತೋಷ ಬೇರೆ ಯಾವ ಕೆಲಸದಲ್ಲೂ ಆಗಿಲ್ಲ. ಕಾರ್ಡಿಗೆ ಇವರ ಹೆಸರು ಬಿದ್ರೆ ಅದೂ ಹೋಯ್ತು. ಕಾರ್ಡೇ ಬೇಡ ಅಂದ್ರೆ, ನಾಳೆ ಗೇರ್ ಮುರಿದ್ರೆ ರಿಪೇರಿಗೆ ಎಲ್ಲಿಂದ ತರೋದು. ಹೀಗೂ ಇಲ್ಲ, ಹಾಗೂ ಇಲ್ಲ.

16 ಜೂನ್, ಶನಿವಾರ

ತಮ್ಮ ಹೆಸರೇ ಬರೀರಿ ಅಂದಿದ್ದಕ್ಕೆ ಕಾರಣ ಹೊರಗೆ ಬಂತು. ಆಫೀಸಲ್ಲಿ ಯಾರೋ ಅಂದ್ರಂತೆ — 'ಏನ್ರೀ ಗಿರಿಯಪ್ಪ, ಟಿಲ್ಲರ್ ಹೆಂಡ್ತಿ ಹೊಡೀತಾರಂತೆ, ಅಡುಗೆ ನೀವು ಮಾಡ್ತೀರಾ?' ಇಷ್ಟಕ್ಕೇ.

'ನೀವೂ ನಕ್ಕು ಬಿಡ್ಬೇಕಿತ್ತು' ಅಂದೆ.

'ನಿಂಗೇನು, ಅವರ ಮಧ್ಯೆ ಕೂರೋನು ನಾನು.'

ಆಮೇಲೆ ನನ್ನ ಕಡೆ ನೋಡದೆ ಅಂದ್ರು — 'ನಂಗೆ ಕಲಿಸ್ಕೊಡು.'

17 ಜೂನ್

ಕಲಿಸಿದೆ. ಯಾರಿಗೂ ಕಾಣಬಾರದಂತೆ, ಅದಕ್ಕೆ ಮನೆ ಹಿಂದಿನ ಗದ್ದೇಲಿ. ಎಡಗೈಲಿ ಲಿವರ್ ಒತ್ತಿ ಹಿಡ್ಕೊಂಡು ಬಲಗೈಲಿ ಸ್ಟಾರ್ಟಿಂಗ್ ಹ್ಯಾಂಡಲ್ ತಿರುಗಿಸಬೇಕು. ಸ್ಪೀಡ್ ಬಂದ ಕೂಡ್ಲೇ ಲಿವರ್ ಬಿಡಬೇಕು. ಇವರು ಮೊದ್ಲೇ ಬಿಡ್ತಾರೆ, ಇಲ್ಲಾ ಬಿಡೋದೇ ಇಲ್ಲ. ಕೊನೆಗೆ ನಾನೇ ಸ್ಟಾರ್ಟ್ ಮಾಡಿ ಕೊಟ್ಟೆ.

ಇಳಿಜಾರಲ್ಲಿ ಕ್ಲಚ್ ಉಲ್ಟಾ — ಎಡಕ್ಕೆ ತಿರುಗಬೇಕಾದ್ರೆ ಬಲದ್ದು ಒತ್ತಬೇಕು. ಹೇಳಿ ಹೇಳಿ ಗಂಟಲು ಹೋಯ್ತು. ಎಡದ್ದೇ ಒತ್ತಿದ್ರು. ಟಿಲ್ಲರ್ ಕಾಲುವೆಗೆ. ಇವರೂ. ನಂಗೆ ನಗು ಬಂದಿತ್ತು. 'ನೀನು ಸರಿಯಾಗಿ ಹೇಳಲ್ಲ' ಅಂತ ರೇಗಿದ್ರು ನೋಡಿ, ಬಂದ ನಗು ಹಾಗೇ ಹೋಯ್ತು.

25 ಜೂನ್

ಈ ವಾರ ಇವರು ಬರಲಿಲ್ಲ. ಕಾಲು ಉಳುಕಿದೆ ಅಂತ ಕಂಡಕ್ಟರ್ ಹತ್ರ ಹೇಳಿ ಕಳಿಸಿದ್ರು. ಉಳುಕಿದ್ದೋ, ಟಿಲ್ಲರ್ ಮುಖ ನೋಡೋಕೆ ಭಯವೋ.

ಆಚೆ ಮನೆ ಕೆರಿಯಮ್ಮ ಬಂದಿದ್ರು. ಬರೋ ಭಾನುವಾರ ಅವರ ಗದ್ದೆ ಹೂಡಿ ಕೊಡ್ಬೇಕು, ಸೋಮವಾರ ನಾಟಿ. ಮುಯ್ಯಿ ನಮ್ಮದು. ನಾನು ಹೂಡಿ ಕೊಟ್ರೆ ಅವರ ಕಡೆ ಹೆಂಗಸರೆಲ್ಲ ನಮ್ಮ ನಾಟಿಗೆ ಬರ್ತಾರೆ. 'ಆಯ್ತು, ಬರ್ತೀನಿ' ಅಂದ್ಬಿಟ್ಟೆ. ಯಾವ ಧೈರ್ಯದ ಮೇಲೆ ಅಂದೆನೋ.

30 ಜೂನ್, ಶನಿವಾರ

ಕನ್ನಪ್ಪ ಬಂದ. ಇವರು ಹ್ಯಾಂಡಲ್ ಹಿಡಿದ್ರು. ಎಂಜಿನ್ ಹತ್ತಲಿಲ್ಲ. ಮತ್ತೆ ತಿರುಗಿಸಿದ್ರು. ಹತ್ತಲಿಲ್ಲ. ಅಂಗಿಯೆಲ್ಲ ಬೆವರು. ಸಿಟ್ಟು ಇದ್ರೂ ನೋಡೋಕಾಗ್ದೆ ಒಳಗೆ ಹೋದೆ. ಕನ್ನಪ್ಪ ಅಂದಿದ್ದು ಒಳಗೇ ಕೇಳಿಸ್ತು.

'ಇರ್ಲಿ ಬಿಡಿ ಗೌಡ್ರೇ, ಹೊಡೆದು ತೋರಿಸಿದ್ರು ಅಂತ ಬರ್ಕೋತೀನಿ. ಯಾರು ನೋಡೋಕೆ ಬರ್ತಾರೆ.'

ಹೊರಗೆ ಬಂದೆ. 'ಮುರಿದಾಗ ನೋಡೋಕೆ ಬರೋರು ಯಾರು?'

'ನಾನೇ.'

'ಆಗ?'

'ಆಗ ಯಾರು ಹೊಡೀತಿದ್ರು ಅಂತ ಊರಲ್ಲಿ ವಿಚಾರಿಸಲೇಬೇಕಾಗುತ್ತಮ್ಮ. ರೂಲು.'

ಇನ್ನೂ ಬಿಡಿಸಿ ಹೇಳ್ಬೇಕಾ. ದುಡ್ಡು ತಗೊಳ್ಳೋವಾಗ ಕಣ್ಣು ಮುಚ್ಕೊಳ್ಳೋನು, ಕೊಡೋವಾಗ ತೆರೀತಾನೆ. ಬೇಡ ಅಂತ ಬಾಯಿಬಿಟ್ಟೇ ಹೇಳ್ದೆ. ಇವರಿಗೆ ಅರ್ಥ ಆಗಿತ್ತು, ನಂಗೊತ್ತು. ಆದ್ರೂ ಕಟ್ಟಿದ್ರು. ಸಹಿ ಹಾಕಿದ್ರು. ಕಾರ್ಡನ್ನ ದೇವರ ಗೂಡಲ್ಲಿ ಇಟ್ಟು ಬಂದು, 'ನಾಳೆಯಿಂದ ನೀನು ಟಿಲ್ಲರ್ ಮುಟ್ಟಬೇಡ' ಅಂದ್ರು. ಬಡಿಸಿದೆ. ನಾನು ಉಣ್ಣಲಿಲ್ಲ.

1 ಜುಲೈ, ಭಾನುವಾರ, ಬೆಳಿಗ್ಗೆ ಏಳು

ಕಿಟಕಿ ಹತ್ರ ಕೂತು ಬರೀತಿದ್ದೀನಿ. ಈ ಹೊತ್ತಿಗೆ ಗದ್ದೇಲಿ ಇರ್ಬೇಕಿತ್ತು. ಅಂಗಳದಲ್ಲಿ ಕೆರಿಯಮ್ಮ, ಅವರ ಜೊತೆ ನಾಲ್ಕೈದು ಹೆಂಗಸರು. ಇವರು ಹ್ಯಾಂಡಲ್ ತಿರುಗಿಸ್ತಿದ್ದಾರೆ. ಹತ್ತಿಲ್ಲ.

ಮತ್ತೆ. ಈಗ ಲಿವರ್ ಬಿಡ್ಬೇಕು... ಈಗ... ಬಿಡಲಿಲ್ಲ.

'ಅವಳನ್ನ ಕರೀರಿ ಮಾರಾಯ್ರೆ, ಹೊತ್ತು ಹೋಗ್ತಿದೆ' — ಕೆರಿಯಮ್ಮ.

'ಅವಳು ಮುಟ್ಟಿದ್ರೆ ಗ್ಯಾರಂಟಿ ಹೋಗುತ್ತೆ.'

'ಗ್ಯಾರಂಟಿ ಬಂದು ಗದ್ದೆ ಹೂಡುತ್ತಾ?'

ಯಾರೋ ಕಿಸಕ್ಕನೆ ನಕ್ರು. ನಂಗೆ ನಗು ಬರ್ಲಿಲ್ಲ. ಕೈ ತುರಿಸ್ತಿದೆ, ಎದ್ದು ಹೋಗಿ ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ ಬರೋಣ ಅಂತ. ಏಳಲ್ಲ. ಮುಟ್ಟಬೇಡ ಅಂದೋರು ಅವರು, ಮುಟ್ಟು ಅನ್ನೋರೂ ಅವರೇ ಆಗ್ಲಿ.

ಸದ್ದು ನಿಂತಿದೆ.

ಬಾಗಿಲ ಹತ್ರ ಬಂದು ನಿಂತಿದ್ದಾರೆ. ಮುಖ ಕೆಂಪು. ಹ್ಯಾಂಡಲ್ ನನ್ನ ಕಡೆ ಚಾಚಿದ್ದಾರೆ. ನಾನು ತಲೆ ಎತ್ತಿಲ್ಲ, ಬರೀತಾನೇ ಇದ್ದೀನಿ. 'ಹೊರಗಿರೋರಿಗೆ ಕೇಳಿಸೋ ಹಾಗೆ ಹೇಳಿ' ಅಂದೆ.

ಕೆಮ್ಮಿದ್ರು. ಅಂಗಳದ ಕಡೆ ತಿರುಗಿದ್ರು. ಜೋರಾಗೇ ಅಂದ್ರು — 'ನನ್ನ ಕೈಲಿ ಆಗ್ತಿಲ್ಲ. ಇವಳೇ ಬರ್ತಾಳೆ.'

ಹೊರಟೆ. ಕಾರ್ಡು ದೇವರ ಹತ್ರವೇ ಇರ್ಲಿ. ಮುರಿದ್ರೆ ಮುರೀಲಿ. ಕನ್ನಪ್ಪ ಊರೆಲ್ಲ ವಿಚಾರಿಸ್ಕೊಂಡು ಬರ್ಲಿ, ಹೊಡೀತಿದ್ದದ್ದು ನಾನೇ ಅಂತ ಎಲ್ಲರಿಗಿಂತ ಮೊದ್ಲು ಇವರೇ ಹೇಳ್ಬೇಕು, ಹೇಳದೇ ಹೋದ್ರೆ ನಾನೇ ಹೇಳ್ತೀನಿ.