ಅಧ್ಯಕ್ಷೆಯ ಮಗಳು

ಸಿಂಧನೂರು
೧೭ ಫೆಬ್ರವರಿ ೨೦೨೫, ಸೋಮವಾರ

ನನ್ನ ಅವ್ವನಿಗೆ,

ಬಾಗಿಲು ಮುಂದೆ ಮಾಡಿಕೊಂಡು ಓದು. ಅಪ್ಪ ಮನೆಯಲ್ಲಿದ್ದರೆ ಈಗಲೇ ಮಡಚಿ ಇಡು. ಫೋನು ಯಾವಾಗಲೂ ಅವನ ಜೇಬಿನಲ್ಲೇ ಇರುತ್ತದೆ, ಅದಕ್ಕೇ ಕಾಗದ ಬರೆದೆ. ಮಸ್ಕಿಯಲ್ಲಿ ಬಟ್ಟೆ ಹೊಲಿಯುವ ಶಂಶಾದ್‌ಬೀ ಇದನ್ನು ನಿನ್ನ ಹೊಸ ಕುಬಸದ ಮಡಿಕೆಯಲ್ಲಿಟ್ಟು ಕೊಡುತ್ತೇನೆ ಎಂದಿದ್ದಾಳೆ. ನೀನು ಅಕ್ಷರ ಕೂಡಿಸಿ ಓದುವವಳೆಂದು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ.

ಪರೀಕ್ಷೆ ಇದೆ, ಊರಿಗೆ ಬರಲಾಗದು ಎಂದು ಈ ತಿಂಗಳ ಮೊದಲಿಗೆ ಅಪ್ಪನ ಕೈಲಿ ಹೇಳಿ ಕಳಿಸಿದ್ದೆನಲ್ಲ, ಅದು ಸುಳ್ಳು. ಪರೀಕ್ಷೆ ಇರಲಿಲ್ಲ. ಹೆದರಿಕೆ ಇತ್ತು. ಹನ್ನೊಂದು ದಿನ ನಾನು ಹಾಸ್ಟೆಲ್ಲಿನ ಗೇಟು ದಾಟಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಡಿಗ್ರಿ ಮೂರು ವರ್ಷಕ್ಕೆ ಮುಗಿದರೂ ನಾಲ್ಕನೆಯ ವರ್ಷ ಆನರ್ಸ್ ಓದುತ್ತೇನೆ ಎಂದು ನಾನು ಹಟ ಹಿಡಿದಾಗ, ರಾಜ್ಯಶಾಸ್ತ್ರ, ಸಾರ್ವಜನಿಕ ನೀತಿ ಅಂದರೆ ಎಂಥದು ಎಂದು ನೀನು ಕೇಳಿದ್ದೆ. ಸರ್ಕಾರದ ಕಾಯ್ದೆ ಊರಿಗೆ ಬಂದ ಮೇಲೆ ಅದಕ್ಕೆ ಏನಾಗುತ್ತದೆ ಎಂದು ನೋಡುವುದು ಎಂದಿದ್ದೆ. "ನೋಡಾಕ ಒಂದು ವರ್ಷ ಬೇಕೇನ?" ಎಂದು ನಕ್ಕಿದ್ದೆ ನೀನು.

ಈ ವರ್ಷ ಒಂದು ದೊಡ್ಡ ಪ್ರಬಂಧ ಬರೆಯಬೇಕು. ಮೀಸಲಾತಿಯಿಂದ ಪಂಚಾಯಿತಿ ಅಧ್ಯಕ್ಷೆಯರಾದ ಹೆಂಗಸರ ಕೈಯಲ್ಲಿ ನಿಜವಾಗಿ ಅಧಿಕಾರ ಇದೆಯೇ ಎಂಬುದು ನಾನು ಆರಿಸಿಕೊಂಡ ವಿಷಯ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಐವರನ್ನು ಕಂಡೆ. ನಮ್ಮ ಮನೆಯಲ್ಲೇ ಒಬ್ಬ ಅಧ್ಯಕ್ಷೆ ಇದ್ದಾಳೆಂದು ನನ್ನ ಗೈಡ್ ಭಾರತಿ ಮೇಡಂಗೆ ಹೇಳಲಿಲ್ಲ.

ನಾಲ್ವರ ಉತ್ತರ ಒಂದೇ ಇತ್ತು: "ನಮ್ಮ ಯಜಮಾನ್ರು ನೋಡ್ಕೋತಾರ." ಐದನೆಯವಳು ಹಟ್ಟಿ ಕಡೆಯ ಒಂದು ಹಳ್ಳಿಯ ಸೂಗಮ್ಮ. ನಿನ್ನ ವಾರಿಗೆಯವಳು. ಗಂಡ ದುರುಗಪ್ಪ ಹೊರಗೆ ಹೋದ ಹೊತ್ತು ನೋಡಿ ಅವಳು ಎಲ್ಲ ಹೇಳಿದಳು. ಅವಳ ಕುರ್ಚಿಯಲ್ಲಿ ಕೂಡುವವನು ಅವನು. ಅವಳದೇ ಓಣಿಗೆ ಬರಬೇಕಾಗಿದ್ದ ನೀರಿನ ಪೈಪನ್ನು ಬೇರೆ ಕಡೆ ತಿರುಗಿಸುವ ಠರಾವಿಗೂ ಅವಳಿಂದಲೇ ಸಹಿ ಹಾಕಿಸಿದ್ದ. ಒಲ್ಲೆ ಎಂದ ದಿನ ಹೊಡೆತ. "ಸಹಿ ಅಷ್ಟಾ ನಂದವ್ವ, ಉಳಿದದ್ದೆಲ್ಲಾ ಅವರ್ದು" ಎಂದಳು.

ಅಂದು ಸಂಜೆ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ದುರುಗಪ್ಪ ಬಂದು ನನ್ನ ಮುಂದೆ ನಿಂತ. ಗದರಲಿಲ್ಲ. ಚಹಾ ಕುಡಿಯುತ್ತೀಯೇನು ಎಂದು ಕೇಳಿದ. ಆಮೇಲೆ ಅದೇ ದನಿಯಲ್ಲಿ, "ನೀ ಮೈಲಾರಲಿಂಗಪ್ಪನ ಮಗಳಲ್ಲೇನವ್ವ? ಸಿಂಧನೂರು ಹಾಸ್ಟೆಲ್‌ನಾಗ ಮ್ಯಾಲಿನ ಖೋಲ್ಯಾಗ ಇರ್ತಿ. ಆ ನೋಟ್‌ಬುಕ್ ಇತ್ತ ಕೊಡು" ಎಂದ.

ಸುತ್ತ ಜನ ಇದ್ದರು. ಕೂಗಬಹುದಿತ್ತು. ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಯಿತು, ತೆಗೆದು ಕೊಟ್ಟೆ. ಬಸ್ಸು ಹೊರಟಾಗ ಅವನು ಅಲ್ಲೇ ನಿಂತು ಪುಟ ತಿರುವುತ್ತಿದ್ದ. ಸೂಗಮ್ಮ ಆಡಿದ ಒಂದೊಂದು ಮಾತೂ ನನ್ನ ಅಕ್ಷರದಲ್ಲಿ ಅವಳ ಗಂಡನ ಕೈ ಸೇರಿತು, ಅವ್ವ. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು ನಮ್ಮೂರಿಗೆ, ನಿನ್ನ ಹತ್ತಿರ ಓಡಿ ಬರಬೇಕೆನಿಸಿತು. ಅಪ್ಪ ಏನೆನ್ನುತ್ತಾನೋ ಎಂದು ಕೂತೇ ಇದ್ದೆ.

ಆಮೇಲೆ ಸೂಗಮ್ಮ ಫೋನು ಎತ್ತಲಿಲ್ಲ. ಹಾಸ್ಟೆಲ್ ಮುಂದೆ ಯಾವ ಬೈಕು ನಿಂತರೂ ನಾನು ಕಿಟಕಿ ಮುಚ್ಚುತ್ತಿದ್ದೆ. ಹನ್ನೆರಡನೆಯ ದಿನ ಭಾರತಿ ಮೇಡಂ ಕರೆಸಿದರು. ನೋಟ್‌ಬುಕ್ ಕಳೆದುಹೋಯಿತು ಎಂದೆ. ಅವರು, ಬೇಕಾದರೆ ವಿಷಯ ಬದಲಿಸು, ಅದರಲ್ಲಿ ನಾಚಿಕೆ ಏನಿಲ್ಲ ಎಂದರು. ಬದಲಿಸಿಬಿಡೋಣವೆಂದೇ ಎದ್ದು ಬಂದೆ. ಆದರೆ ಸೂಗಮ್ಮ ಹೇಗಿದ್ದಾಳೆ ಎಂದು ನೋಡದೆ ಯಾವ ವಿಷಯವನ್ನೂ ಬರೆಯಲಾರೆ ಅನಿಸಿತು.

ಮೊನ್ನೆ ಶನಿವಾರ ಯಾರಿಗೂ ಹೇಳದೆ ಹೋದೆ. ಸೂಗಮ್ಮ ಒಬ್ಬಳೇ ಇದ್ದಳು. ಬಲ ಮುಂಗೈಗೆ ಬಟ್ಟೆ ಸುತ್ತಿತ್ತು. ನಳದ ಹತ್ತಿರ ಜಾರಿ ಬಿದ್ದೆ ಎಂದಳು, ನಾನು ಕೇಳುವ ಮೊದಲೇ. ಕಾಲು ಹಿಡಿಯಲು ಬಗ್ಗಿದೆ. ತೋಳು ಹಿಡಿದು ಎಬ್ಬಿಸಿ, "ಅಳಾಕ ಬಂದೀಯೇನ? ಪೆನ್ನು ತಗಿ. ಮತ್ತ ಬರ್ಕೋ" ಎಂದಳು.

ಒಳಗಿನಿಂದ ಅಗಳಿ ಹಾಕಿ, ಮುಕ್ಕಾಲು ಗಂಟೆ ಎಲ್ಲವನ್ನೂ ಹೊಸದಾಗಿ ಹೇಳಿದಳು. ಈ ಸಲ ಕೈಯ ಸಂಗತಿಯನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಪ್ರಬಂಧದಲ್ಲಿ ನಿಮ್ಮ ಹೆಸರು ಬದಲಿಸುತ್ತೇನೆ ಎಂದೆ. "ಹೆಸರಾದ್ರೂ ನಂದು ಇರ್ಲಿ ಬಿಡು" ಎಂದಳು. ನನಗೆ ಬರೆಯಬೇಡ ಎನ್ನುತ್ತಾಳೆಂಬ ಆಸೆ ಇತ್ತು. ಹಾಗೆಂದಿದ್ದರೆ ನಾನು ಬಿಡುಗಡೆಯಾಗುತ್ತಿದ್ದೆ.

ಇನ್ನೊಂದು ಮಾತನ್ನು ಹೇಳಲೋ ಬೇಡವೋ ಎಂದು ತಡೆದು ತಡೆದು ಹೇಳಿದಳು. "ನಮ್ಮ ಮನಿಯವರು ನಿಮ್ಮಪ್ಪಗ ಫೋನ್ ಮಾಡಿದ್ರು. ನೀ ಯಾವ ಬಸ್ಸಿಗೆ ಹೊಕ್ಕಿ ಅಂತ ನಿಮ್ಮಪ್ಪನಾ ಹೇಳ್ಯಾನ." ಹೆಂಡತಿಯರ ಬದಲು ರಾಯಚೂರಿನ ಸಭೆಗಳಿಗೆ ಹೋಗಿ ಹೋಗಿ ಇಬ್ಬರಿಗೂ ಪರಿಚಯವಂತೆ. ನೋಟ್‌ಬುಕ್ ಹೋದ ದಿನ ಮಧ್ಯಾಹ್ನ ಅಪ್ಪ ಫೋನು ಮಾಡಿ ಎಷ್ಟು ಗಂಟೆಯ ಬಸ್ಸು ಎಂದು ಕೇಳಿದಾಗ ನನಗೆ ಖುಷಿಯಾಗಿತ್ತು. ಹುಡುಗಿಗೆ ಸ್ವಲ್ಪ ತಿಳಿಸಿ ಹೇಳ್ರಿ ಎಂದಷ್ಟೇ ಅಪ್ಪ ಅಂದಿರಬಹುದು. ಅಷ್ಟೇ ಎಂದು ನಂಬಲು ಮೂರು ದಿನದಿಂದ ನೋಡುತ್ತಿದ್ದೇನೆ.

ಅವ್ವ, ಐವರ ಮನೆ ಬಾಗಿಲಿಗೆ ಹೋಗಿ ಕೇಳಿದ್ದನ್ನು ನಿನಗೆ ಯಾಕೆ ಕೇಳಲಿಲ್ಲ? ನೀನೂ "ನಿಮ್ಮಪ್ಪ ನೋಡ್ಕೋತಾನ" ಎಂದುಬಿಡುತ್ತೀ ಎಂಬ ಭಯ. ಹಾಗನ್ನದೆ ಬೇರೇನಾದರೂ ಹೇಳಿದರೆ ಅದು ಇನ್ನೂ ದೊಡ್ಡ ಭಯ. ಈಗ ಕೇಳುತ್ತಿದ್ದೇನೆ. ನಿನ್ನ ಕುರ್ಚಿಯಲ್ಲಿ ನೀನು ಎಷ್ಟು ಸಲ ಕೂತಿದ್ದೀ? ಒಲ್ಲೆ ಎಂದ ದಿನ ನಮ್ಮ ಮನೆಯಲ್ಲಿ ಏನಾಗುತ್ತದೆ? ಬೇಡವೆಂದರೆ ಪ್ರಬಂಧದಲ್ಲಿ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ನನಗೆ ಮಾತ್ರ ಗೊತ್ತಿರಲಿ. ಶಂಶಾದ್‌ಬೀಗೆ ಬಾಯಿಮಾತಿನಲ್ಲಿ ಹೇಳಿದರೂ ಸಾಕು.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ,
ರೇಣುಕಾದೇವಿ

ತಾ.ಕ. ಇದು ಮರೆತು ಉಳಿದದ್ದಲ್ಲ ಅವ್ವ, ಬರೆಯಲು ಕೈ ಏಳಲಿಲ್ಲ. ಶನಿವಾರ ನಾನು ಹೊರಟಾಗ ಸೂಗಮ್ಮ ಒಂದು ಬಟ್ಟೆ ಗಂಟು ಹಿಡಿದು ಬಾಗಿಲಿಗೆ ಬಂದಳು. "ನಾನೂ ಬರ್ಲೇನು?" ಎಂದು ಕೇಳಿದಳು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ನಾನು ಓಡಿದೆ. ಸಿಂಧನೂರಿನವರೆಗೂ ನನ್ನ ಪಕ್ಕದ ಸೀಟು ಖಾಲಿ ಇತ್ತು. ಇಂದು ಭಾರತಿ ಮೇಡಂ ಮುಂದೆ ಎಲ್ಲವನ್ನೂ ಹೇಳಿದೆ. ನಾಳೆ ಬೆಳಿಗ್ಗೆ ಇಬ್ಬರೂ ಸೂಗಮ್ಮನ ಮನೆಗೆ ಹೋಗುತ್ತಿದ್ದೇವೆ. ಅವಳು ಇನ್ನೊಮ್ಮೆ ಕೇಳಲಾರಳು. ಈ ಸಲ ನಾನೇ ಕೇಳುತ್ತೇನೆ.